ನಾನು ಕೊಡಿಸಿದ ನೇಮ

ಡಾರ್ಟ್ಸ್ ಆಟದಲ್ಲಿ ನಾನು ಎರಡು ಸಲ ದೇಶಕ್ಕೇ ಮೊದಲಿಗನಾದವನು. ಈ ಮಾತನ್ನು ಬೇಡಕಿಹಾಳದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳಿದರೂ ಚಹಾದಂಗಡಿಯವನು ತಲೆ ಎತ್ತುವುದಿಲ್ಲ. ನಮ್ಮ ಕಡೆಯವರಿಗೆ ಕುಸ್ತಿ ಗೊತ್ತು, ಎತ್ತಿನ ಗಾಡಿಯ ಶರ್ಯತ್ತು ಗೊತ್ತು. ಗೋಡೆಗೆ ತೂಗುಹಾಕಿದ ದುಂಡು ಬೋರ್ಡಿಗೆ ಗೇಣುದ್ದದ ಸೂಜಿ ಒಗೆದು ಹೊಟ್ಟೆ ಹೊರೆಯುವ ಗಂಡಸು ಎಂದರೆ ಅವರಿಗೆ ನಗು. ಚಿಕ್ಕೋಡಿಯಲ್ಲಿ ನನಗೆ ಸತ್ಕಾರ ಇಟ್ಟುಕೊಂಡಾಗ ಫ್ಲೆಕ್ಸಿನ ಮೇಲೆ ನನ್ನ ಮುಖದ ಪಕ್ಕ ಬಿಲ್ಲು ಬಾಣದ ಚಿತ್ರ ಹಾಕಿದ್ದರು. ನಾನು ತಿದ್ದಲು ಹೋಗಲಿಲ್ಲ. ಬಿಲ್ಲಿಗೆ ಮರ್ಯಾದೆ ಹೆಚ್ಚು.

ನನಗಿಂತ ಚೆನ್ನಾಗಿ ಒಗೆಯುವವನು ಒಬ್ಬನಿದ್ದ. ಅವನು ಪುಣೆಯವನೂ ಅಲ್ಲ, ಮುಂಬೈಯವನೂ ಅಲ್ಲ, ನಮ್ಮದೇ ಓಣಿಯವನು, ಬಸದಿಯ ಹಿಂದಿನ ಮೂರನೆಯ ಮನೆ. ಇಪ್ಪತ್ತೆರಡನೆಯ ವಯಸ್ಸಿಗೆ ಅವನು ಆಟ ಬಿಟ್ಟ. ಬಿಡಿಸಿದವನು ನಾನು. ಹೇಗೆ ಬಿಡಿಸಿದೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ನಾನು ಅದನ್ನು ಮಾಡಿದ್ದು ನೂರಾರು ಜನರ ಎದುರಿಗೇ. ಅವರೆಲ್ಲ ಅದನ್ನು ಪುಣ್ಯದ ಕೆಲಸ ಎಂದುಕೊಂಡರು.

ಆಟ ನಮಗೆ ಸಿಕ್ಕಿದ್ದು ಚಿಕ್ಕೋಡಿಯ ಕಾಲೇಜಿನಲ್ಲಿ. ಬಸ್ ತಪ್ಪಿದ ಒಂದು ದಿನ ಆಟದ ಸಾಮಾನಿನ ಕೋಣೆಯಲ್ಲಿ ಹೊತ್ತು ಕಳೆಯುತ್ತಿದ್ದಾಗ ಕೇರಂ ಬೋರ್ಡುಗಳ ಹಿಂದೆ ದೂಳು ತಿನ್ನುತ್ತಿದ್ದ ಡಾರ್ಟ್ ಬೋರ್ಡು ಕಣ್ಣಿಗೆ ಬಿತ್ತು. ಯಾರೋ ದಾನ ಕೊಟ್ಟಿದ್ದಂತೆ, ಯಾರೂ ಮುಟ್ಟಿರಲಿಲ್ಲ. ಆಟ ಸರಳ. ಐನೂರಾ ಒಂದರಿಂದ ಕಳೆಯುತ್ತ ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು. ಇಪ್ಪತ್ತರ ಮನೆಯಲ್ಲಿ ಬೆರಳಗಲವೂ ಇಲ್ಲದ ಒಂದು ಪಟ್ಟಿ ಇದೆ, ಅಲ್ಲಿ ನೆಟ್ಟರೆ ಅರವತ್ತು. ನಾನು ಮೊದಲ ದಿನ ಗೋಡೆಯ ಸುಣ್ಣ ಕಿತ್ತೆ. ಅವನು ಮೂರನೆಯ ಸೂಜಿಯನ್ನೇ ಆ ಪಟ್ಟಿಯಲ್ಲಿ ನೆಟ್ಟು, ಏನೂ ಆಗದವನಂತೆ ಬಸ್ಸಿನ ವೇಳೆ ಕೇಳಿದ.

ಊರಲ್ಲಿ ನಾವೇ ಒಂದು ಬೋರ್ಡು ಮಾಡಿಕೊಂಡೆವು. ಮುರಿದ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿಯೊಳಗೆ ಜೋಳದ ಒಣ ದಂಟನ್ನು, ನಮ್ಮ ಕಡೆಯ ಕಣಿಕೆಯನ್ನು, ಒಂದೇ ಅಳತೆಗೆ ಕತ್ತರಿಸಿ, ಕಡಿದ ಬಾಯಿ ಮುಂದೆ ಬರುವಂತೆ ಒತ್ತಿ ಒತ್ತಿ ತುಂಬಿದೆವು. ಸೂಜಿ ಒಳಗೆ ಹೋಗಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಸೂಜಿ ಎಂದರೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊಲಿಯುವ ದಬ್ಬಣ, ಅದರ ಹಿಂದೆ ಹಿತ್ತಾಳೆಯ ಕೊಳವೆ, ಕೊಳವೆಯ ತುದಿಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ರೆಕ್ಕೆ. ಊರವರು ಇದಕ್ಕೆ ಸೂಜಿ ಆಟ ಎಂದೇ ಹೆಸರಿಟ್ಟರು. ನನ್ನ ಅಜ್ಜಿ ಮಾತ್ರ ಮುಖ ತಿರುಗಿಸುತ್ತಿದ್ದಳು. ಗುರಿ ಹಿಡಿದು ಚುಚ್ಚುವುದೇ ನಮಗೆ ಸಲ್ಲದು, ಎದುರಿಗೆ ಕಣಿಕೆ ಇದ್ದರೇನು ಹಕ್ಕಿ ಇದ್ದರೇನು, ಮನಸ್ಸು ಒಂದೇ ಅಲ್ಲವೇ ಎನ್ನುತ್ತಿದ್ದಳು. ನಾವು ಜೈನರು. ನಾನು ನಕ್ಕುಬಿಡುತ್ತಿದ್ದೆ. ಮನಸ್ಸಿನ ಮಾತು ಬಂದರೆ ಅಜ್ಜಿ ಹೇಳಿದ್ದು ಸರಿಯೇ ಇತ್ತು, ಆದರೆ ನನ್ನ ಗುರಿ ಕಣಿಕೆಯ ಮೇಲೆ ಇರಲಿಲ್ಲ.

ನನ್ನ ಹೊಟ್ಟೆಕಿಚ್ಚನ್ನು ಸಣ್ಣದು ಮಾಡಿ ಹೇಳುವುದಿಲ್ಲ. ನಾನು ದಿನಕ್ಕೆ ನಾಲ್ಕು ತಾಸು ಒಗೆಯುತ್ತಿದ್ದೆ, ಹೆಗಲು ಬಾತು ರಾತ್ರಿ ಮಗ್ಗಲು ಬದಲಿಸಲಾಗುತ್ತಿರಲಿಲ್ಲ. ಅವನು ಎಮ್ಮೆಗೆ ಮೇವು ಹಾಕಿ ಬಂದು, ಪಂಚೆಗೆ ಕೈ ಒರೆಸಿಕೊಂಡು, ಎಲ್ಲಿಗೆ ಬೇಕೋ ಅಲ್ಲಿಗೆ ನೆಟ್ಟು ಹೋಗುತ್ತಿದ್ದ. ಅವನ ಮೊಣಕೈ ಅಲುಗುತ್ತಿರಲಿಲ್ಲ. ಸೂಜಿ ಕೈಬಿಟ್ಟು ಹೋಗಿದ್ದು ಬೆರಳಿಗೇ ಗೊತ್ತಾಗದಂತೆ ಹೋಗುತ್ತಿತ್ತು. ಅದನ್ನು ನೋಡಿದರೆ ನನಗೆ ಸಂತೋಷವೂ ಆಗುತ್ತಿತ್ತು, ಅವನ ಕೈ ಮುರಿಯಬಾರದೇ ಎಂದೂ ಅನ್ನಿಸುತ್ತಿತ್ತು. ಎರಡೂ ನಿಜ. ಗೆದ್ದಾಗ ಅವನು ಹಮ್ಮು ಪಡುತ್ತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಹಮ್ಮು ಪಡುತ್ತಿರಲಿಲ್ಲ, "ಇವತ್ತ ನಿನಗ ಗಾಳಿ ಅಡ್ಡ ಬಂತ ಬಿಡ" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದ. ನಾವು ಆಡುತ್ತಿದ್ದದ್ದು ನಾಲ್ಕೂ ಕಡೆ ಗೋಡೆಯಿರುವ ನಮ್ಮ ಮನೆಯ ಕೊಟ್ಟಿಗೆಯಲ್ಲಿ.

ಆ ವರ್ಷ ಕೊಲ್ಹಾಪುರದಲ್ಲಿ ಒಂದು ದೊಡ್ಡ ಸ್ಪರ್ಧೆ ಇತ್ತು. ಪುಣೆಯ ಒಂದು ಕಾರ್ಖಾನೆಯವರು ಅಲ್ಲಿ ಗೆದ್ದವನನ್ನು ತಮ್ಮ ತಂಡಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಕಾಗದದ ಮೇಲೆ ನೌಕರಿ, ಮಾಡುವ ಕೆಲಸ ಆಡುವುದೊಂದೇ. ತೆಗೆದುಕೊಳ್ಳುವುದು ಒಬ್ಬನನ್ನು. ಅವನು ಬಂದರೆ ಅವನೇ ಗೆಲ್ಲುತ್ತಾನೆ ಎಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇನ್ನು ಒಂದೂವರೆ ತಿಂಗಳು ಉಳಿದಿತ್ತು.

ಅದೇ ಮಳೆಗಾಲದಲ್ಲಿ ನಮ್ಮೂರಿಗೆ ಚಾತುರ್ಮಾಸಕ್ಕೆ ಮುನಿಗಳೊಬ್ಬರು ಬಂದು ನಿಂತಿದ್ದರು. ನಮ್ಮಲ್ಲಿ ಅವರನ್ನು ಮಹಾರಾಜರು ಎನ್ನುತ್ತೇವೆ. ದಿನಕ್ಕೆ ಒಂದೇ ಸಲ, ಒಂದು ಮನೆಯಲ್ಲಿ, ನಿಂತುಕೊಂಡೇ ಬೊಗಸೆಯಲ್ಲಿ ಆಹಾರ ಸ್ವೀಕರಿಸುವವರು. ಯಾವ ಮನೆಯ ಮುಂದೆ ಅವರು ನಿಲ್ಲುತ್ತಾರೋ ಆ ಮನೆಯವರಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಆಹಾರ ಮುಗಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಒಂದೊಂದು ನೇಮ ಹಿಡಿಯುವುದು ರೂಢಿ. ತಮಗೆ ಇಷ್ಟವಾದದ್ದು ಏನಾದರೊಂದನ್ನು ಬಿಡಬೇಕು. ಆಲೂಗಡ್ಡೆ, ಹೋಟೆಲಿನ ತಿಂಡಿ, ಸಿನಿಮಾ, ಹೀಗೆ. ಕೆಲವರು ತಿಂಗಳಿಗೆ ಬಿಡುತ್ತಾರೆ, ಕೆಲವರು ವರ್ಷಕ್ಕೆ, ಕೆಲವರು ಉಸಿರಿರುವ ತನಕ.

ಒಂದು ಬೆಳಿಗ್ಗೆ ಮಹಾರಾಜರು ಅವನ ಮನೆಯ ಮುಂದೆ ನಿಂತರು. ಅವನ ತಾಯಿಯನ್ನು ನಾನು ಕಾಕು ಎನ್ನುತ್ತಿದ್ದೆ. ಆಕೆ ಅಳುತ್ತಲೇ ಕಳಶ ಹಿಡಿದು ಸುತ್ತು ಬಂದಳು. ನಾನು ಬಾವಿಯಿಂದ ನೀರು ತಂದುಕೊಟ್ಟು, ಅಂಗಳದಲ್ಲಿ ತುಂಬಿದ್ದ ಜನರ ನಡುವೆ ಬಾಗಿಲಿಗೆ ಹತ್ತಿರ ನಿಂತಿದ್ದೆ. ಆಹಾರ ಮುಗಿಯಿತು. ಕಾಕು ಆಲೂಗಡ್ಡೆ ಬಿಟ್ಟಳು. ಅವನ ಅಪ್ಪ ತಂಬಾಕು ತಿನ್ನುವುದನ್ನು ಬಿಟ್ಟ, ಹೊಲದಲ್ಲಿ ಬೆಳೆಯುವುದನ್ನು ಬಿಡಲಿಲ್ಲ, ಜನ ನಕ್ಕರು. ಆಮೇಲೆ ಅವನ ಸರದಿ ಬಂತು. ಅವನು ಕೈಮುಗಿದು, ಹೋಟೆಲಿನಲ್ಲಿ ತಿನ್ನುವುದನ್ನು ಒಂದು ವರ್ಷ ಬಿಡುತ್ತೇನೆ ಎನ್ನಲು ಬಾಯಿ ತೆರೆದಿದ್ದ.

ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದೆನೋ? ಇಲ್ಲ. ಬಾಯಿಗೆ ಬಂತು. ಆದರೆ ಬಾಯಿಗೆ ಬಂದದ್ದನ್ನು ನುಂಗಬಹುದಾಗಿತ್ತು, ಅಷ್ಟು ಹೊತ್ತು ನನಗಿತ್ತು.

"ಮಹಾರಾಜ್, ಇವಗ ಹೋಟೆಲ್ದಾಗಿನ ತಿಂಡಿಗಿಂತ ಸೂಜಿ ಆಟ ಭಾಳ ಪ್ರೀತಿರಿ. ಬಿಡೂದಾದ್ರ ಅದನ್ನ ಬಿಡಬೇಕ್ರಿ ಇವ" ಎಂದೆ.

ಮೊದಲು ನಗು ಎದ್ದಿತು. ಆಮೇಲೆ ನಗು ನಿಂತು, ಮುದುಕಿಯರು "ಖರೇ ಐತಿ, ಖರೇ ಐತಿ" ಎನ್ನತೊಡಗಿದರು. ಇಷ್ಟದ್ದನ್ನು ಬಿಟ್ಟರೆ ತಾನೇ ನೇಮ. ಕಾಕುವಿನ ಮುಖ ನೋಡಿದೆ. ಮಗ ಅಷ್ಟು ದೊಡ್ಡದನ್ನು ಬಿಡುತ್ತಾನೆ ಎಂಬ ಆಸೆಯಿಂದ ಅದು ಅರಳಿತ್ತು. ಇನ್ನು ಅವನು ಇಲ್ಲ ಎನ್ನುವ ಹಾಗಿರಲಿಲ್ಲ.

ಮಹಾರಾಜರು ಮಾತ್ರ ಅವಸರ ಮಾಡಲಿಲ್ಲ. ಅವರು ನಮ್ಮ ಕಡೆಯವರೇ, ನಮ್ಮ ಮಾತಿನಲ್ಲೇ ಹೇಳಿದರು: "ನೇಮ ಮಂದಿ ಹೇಳಿ ಹಿಡಿಯೂದಲ್ಲಪಾ. ನಿನ್ನ ಮನಸಿಗೆ ಬಂದ್ರ ಹಿಡಿ. ಇಲ್ಲಂದ್ರ ಬ್ಯಾಡ. ಎಷ್ಟ ದಿನಕ್ಕ ಅಂತೀ? ಒಂದ ತಿಂಗಳ ಹಿಡಿದ್ರೂ ನಡೀತೈತಿ."

ಒಂದು ತಿಂಗಳು ಎಂದರೆ ಕೊಲ್ಹಾಪುರದ ಹೊತ್ತಿಗೆ ಮುಗಿದಿರುತ್ತಿತ್ತು. ಆಗ ನಾನು ಎರಡನೆಯ ಮಾತು ಆಡಿದೆ. ಮೊದಲನೆಯದನ್ನು ಬಾಯ್ತಪ್ಪು ಎಂದು ಯಾರಾದರೂ ಬಿಡಬಹುದು, ಇದನ್ನು ಬಿಡಲಾಗದು.

"ಅರ್ಧಾಮರ್ಧಾ ಮಾಡಾವ ಅಲ್ರಿ ಇವ" ಎಂದೆ.

ಅವನು ತಿರುಗಿ ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದವನು ಮತ್ತೊಮ್ಮೆ ಲೆಕ್ಕ ಮಾಡುವಾಗ ನೋಡುವಂತೆ ನೋಡಿದ. ಆಮೇಲೆ ಮಹಾರಾಜರ ಕಡೆ ತಿರುಗಿ "ಆಜನ್ಮರಿ" ಎಂದ. ಅವರು ಎರಡು ಸಲ ಕೇಳಿದರು. ಎರಡೂ ಸಲ ಅದನ್ನೇ ಹೇಳಿದ. ಅಂಗಳದಲ್ಲಿ ಜಯಕಾರ ಎದ್ದಿತು, ನಾನೂ ಕೂಗಿದೆ.

ಕೊಲ್ಹಾಪುರದಲ್ಲಿ ನಾನು ಗೆದ್ದೆ. ಕೊಗನೊಳ್ಳಿ ದಾಟಿ ಬಸ್ಸು ಊರ ಕಡೆ ಬರುವಾಗ ಕಿಟಕಿಯಲ್ಲಿ ಮುಖವಿಟ್ಟು ಅತ್ತೆ, ಸಂತೋಷಕ್ಕೆ. ಪಶ್ಚಾತ್ತಾಪಕ್ಕೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಸುಳ್ಳು. ಅವನು ಮುಂದೆ ಇಲ್ಲದ ಸ್ಪರ್ಧೆ ಎಷ್ಟು ಸಲೀಸಾಗಿತ್ತೆಂದರೆ, ಇದನ್ನು ಮೊದಲೇ ಮಾಡಬೇಕಿತ್ತು ಅನ್ನಿಸಿತು.

ಕಾರ್ಖಾನೆಯವರಿಗೆ ನಾನು ಪಂದ್ಯದ ದಿನಗಳಲ್ಲಿ ಅವರ ಅಂಗಿ ತೊಟ್ಟು ನಿಂತರೆ ಸಾಕಿತ್ತು. ಉಳಿದ ದಿನ ಊರಲ್ಲಿದ್ದೇ ಅಭ್ಯಾಸ. ಕೊಲ್ಹಾಪುರದಿಂದ ಬಂದ ಮರುದಿನ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಬಾಗಿಲು ತೆರೆದರೆ ಅವನು ಬೋರ್ಡಿನ ಪಕ್ಕದಲ್ಲಿ ನಿಂತಿದ್ದ. ನಾನು ಹೆದರಿದೆ.

"ಯಾಕ ಬಂದಿ?" ಎಂದೆ.

"ಒಗಿಯಾಕ ನೇಮ ಐತಿ. ನೋಡಾಕ ಇಲ್ಲ" ಎಂದ.

ಅಂದಿನಿಂದ ಹೆಚ್ಚು ಕಡಿಮೆ ಇಪ್ಪತ್ತು ವರ್ಷ ಅವನು ಬಂದ. ಮೊದಲು ಎಮ್ಮೆ, ಕಬ್ಬಿನ ಗದ್ದೆಗೆ ನೀರು, ಬಸದಿ, ಆಮೇಲೆ ನಾನು. ಸೂಜಿ ಕೀಳುತ್ತಿದ್ದ, ಅಂಕ ಕೂಗುತ್ತಿದ್ದ, ಉಳಿದದ್ದೆಷ್ಟು ಎಂದು ನಾನು ಕೇಳುವ ಮೊದಲೇ ಹೇಳುತ್ತಿದ್ದ. ನನ್ನ ಒಗೆತದಲ್ಲಿ ಏನಾದರೂ ಚಂದ ಇದ್ದರೆ ಅದನ್ನು ಅವನೇ ತಂದದ್ದು. ಬಾಯಿ ಮಾತ್ರ ಕತ್ತರಿ. "ಎಮ್ಮಿ ಬಾಲಾ ಬೀಸಿದಂಗ ಬೀಸ್ತಿ" ಎನ್ನುತ್ತಿದ್ದ. "ಮೊಣಕೈ ಮನ್ಯಾಗ ಬಿಟ್ಟ ಬಂದೇನ ಲೇ?" ಎನ್ನುತ್ತಿದ್ದ. ಹೊಗಳಿದ್ದು ಒಂದು ಸಲವೂ ಇಲ್ಲ. ನಾನು ಮೊದಲ ಸಲ ದೇಶಕ್ಕೆ ಮೊದಲಿಗನಾಗಿ ಬಂದು ಕಪ್ಪನ್ನು ಅವನ ಕೈಗೆ ಕೊಟ್ಟರೆ, ತಿರುಗಿಸಿ ನೋಡಿ, "ಮೂರನೇ ಆಟದಾಗ ಬಚಾವ್ ಆದಿ" ಎಂದು ವಾಪಸು ಕೊಟ್ಟ. ಅದನ್ನು ಫೋನಿನಲ್ಲಿ ನೋಡಿದ್ದನಂತೆ. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಅದರ ಸೇಡನ್ನು ನಾನು ಸಿಕ್ಕಲ್ಲಿ ತೀರಿಸಿಕೊಂಡೆ. ಪತ್ರಿಕೆಯವರು ಗುರು ಯಾರು ಎಂದು ಕೇಳಿದರೆ, ಯಾರೂ ಇಲ್ಲ, ನಾನೇ ಕಲಿತೆ ಎಂದೆ. ಆ ಬಿಲ್ಲಿನ ಫ್ಲೆಕ್ಸಿನ ಸತ್ಕಾರದಲ್ಲಿ ನನಗೆ ಕೇಸರಿ ರುಮಾಲು ಸುತ್ತಿದರು. ಅವನು ನನ್ನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಹೊತ್ತುಕೊಂಡು ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ. ಬಂದಿದ್ದ ಸಾಹೇಬರೊಬ್ಬರು "ಇವರ್ಯಾರು?" ಎಂದು ಕೇಳಿದರು. "ನಮ್ಮ ಮನ್ಯಾಗ ಕೆಲಸಾ ಮಾಡ್ತಾನ್ರಿ" ಎಂದೆ. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಎಂದೆ. ಅವನು ಸಾಹೇಬರಿಗೆ ನಮಸ್ಕಾರ ಮಾಡಿ, ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದ.

ಇದಕ್ಕಿಂತ ಕೆಟ್ಟದ್ದೂ ಇದೆ. ಒಂದು ದಿನ ಮನೆಯವರೆಲ್ಲ ರಾಯಬಾಗಕ್ಕೆ ಲಗ್ನಕ್ಕೆ ಹೋಗಿದ್ದರು. ಕೊಟ್ಟಿಗೆಯಲ್ಲಿ ನಾವಿಬ್ಬರೇ. ಅವನು ನನ್ನ ನಿಲುವನ್ನು ಬೈಯುತ್ತಿದ್ದ. ನಾನು ಸೂಜಿಯನ್ನು ಅವನ ಅಂಗೈಯಲ್ಲಿಟ್ಟು, "ಯಾರಿಲ್ಲ. ಒಂದ ಒಗಿ. ಬರ್ತೈತೋ ಇಲ್ಲೋ ನೋಡೋಣ" ಎಂದೆ. ಅವನ ನೇಮ ನನ್ನ ಕೊಟ್ಟಿಗೆಯಲ್ಲಿ ಮುರಿಯಬೇಕು, ಅದನ್ನು ನೋಡಿದವನು ನಾನೊಬ್ಬನೇ ಆಗಿರಬೇಕು, ಆಮೇಲೆ ಅವನು ನನಗೆ ಜೀವನಪೂರ್ತಿ ಕಣ್ಣು ಕೊಟ್ಟು ಮಾತಾಡಬಾರದು. ಇಷ್ಟು ನನ್ನ ಆಸೆ.

ಅವನು ಸೂಜಿಯನ್ನು ಬೆರಳಲ್ಲಿ ಉರುಳಿಸಿದ. ತೂಕ ನೋಡಿದ. ಒಗೆಯುವ ಗೆರೆಗೆ ಬಂದು ಬಲಗಾಲು ಊರಿದ. ಕೈ ಎತ್ತಿ, ಕಣ್ಣಿನ ಪಕ್ಕಕ್ಕೆ ತಂದು, ಹಿಂದೆಳೆದ. ಅಷ್ಟು ವರ್ಷ ಒಂದು ಸೂಜಿಯನ್ನೂ ಒಗೆಯದ ಕೈ ಅದು, ಆದರೂ ಮೊಣಕೈ ಅಲುಗಲಿಲ್ಲ. ನಾನು ಉಸಿರು ಹಿಡಿದೆ. ಸೇಡು, ಆಸೆ ಎಲ್ಲ ಮರೆತು ಅದು ಹೋಗಿ ನೆಡುವುದನ್ನು ನೋಡಬೇಕು ಎಂದಷ್ಟೇ ಅನ್ನಿಸಿತು. ಅವನು ನಿಂತೇ ಇದ್ದ. ಆಮೇಲೆ ಕೈ ಇಳಿಸಿ ಸೂಜಿಯನ್ನು ನನ್ನ ಅಂಗಿಯ ಜೇಬಿಗೆ ಹಾಕಿದ. "ಹಿಡಿಯಾಕ ನೇಮ ಇಲ್ಲ" ಎಂದ. ಹೋಗುವಾಗ ಅವನ ಕತ್ತಿನ ನರ ಉಬ್ಬಿತ್ತು. ಅವನಿಗೆ ನೋವಾಗುತ್ತದೆ ಎಂಬುದು ನನಗೆ ಮೊದಲ ಸಲ ಕಣ್ಣಾರೆ ಕಂಡಿತು. ಸಂಜೆ ನಾನು ಹೊಟ್ಟೆ ತುಂಬ ಉಂಡೆ.

ಹೋದ ವರ್ಷ ಮುಂಬೈಯಲ್ಲಿ ಒಂದು ಪಂದ್ಯದ ನಡುವೆ ನನ್ನ ಕೈ ನಿಂತುಹೋಯಿತು. ಹಿಂದೆಳೆದೆ, ಮುಂದೆ ತಂದೆ, ಸೂಜಿ ಬಿಡಲಿಲ್ಲ. ಮತ್ತೆ ಎಳೆದೆ, ಬಿಡಲಿಲ್ಲ. ನೋವಿಲ್ಲ, ನಡುಕವಿಲ್ಲ. ಬೆರಳು ತೆರೆಯುವುದಿಲ್ಲ ಅಷ್ಟೇ. ಚಹಾದ ಕಪ್ಪು ಬಿಡುತ್ತದೆ, ಬೈಕಿನ ಹಿಡಿ ಬಿಡುತ್ತದೆ, ಗೆರೆಯ ಮೇಲೆ ನಿಂತರೆ ಸೂಜಿ ಬಿಡುವುದಿಲ್ಲ. ಜನ ಮೊದಲು ತಮಾಷೆ ಎಂದುಕೊಂಡರು, ಆಮೇಲೆ ಸೀಟಿ ಹೊಡೆದರು. ನನ್ನ ಎದುರಾಳಿ, ನನ್ನ ಮಗನ ವಯಸ್ಸಿನವನು, ನೆಲ ನೋಡುತ್ತ ನಿಂತ. ಈ ಆಟದಲ್ಲಿ ದೊಡ್ಡ ದೊಡ್ಡವರಿಗೂ ಇದು ಬರುತ್ತದೆ, ಬಂದವರಲ್ಲಿ ಅನೇಕರು ಮತ್ತೆ ಏಳಲಿಲ್ಲ. ಬೆಳಗಾವಿಯ ಡಾಕ್ಟರರು ಕೈ ಚೆನ್ನಾಗಿದೆ ಎಂದರು. ಕೊಲ್ಹಾಪುರದ ಡಾಕ್ಟರರು ಮನಸ್ಸಿನ ಮೇಲೆ ಭಾರ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅಥಣಿಯಿಂದ ಬಂದ ನನ್ನ ಅತ್ತೆ ಲಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡುವಲ್ಲಿ ಒಗೆದಳು. ಆ ಮುದುಕಿಗೆ ಒಗೆಯಲು ಬರುತ್ತದೆ, ನನಗೆ ಬರುವುದಿಲ್ಲ ಎಂದು ನಗು ಬಂತು.

ಅವನು ದಿನವೂ ಬಂದು ಬೋರ್ಡಿನ ಪಕ್ಕ ನಿಲ್ಲುತ್ತಿದ್ದ. ಬೈಯುವುದನ್ನು ನಿಲ್ಲಿಸಿದ್ದ. ನಾನು ಕೈ ಎತ್ತಿ ಇಳಿಸುವುದನ್ನು, ಎತ್ತಿ ಇಳಿಸುವುದನ್ನು, ತಾಸುಗಟ್ಟಲೆ ನೋಡುತ್ತಿದ್ದ. ಅವನ ನೇಮವೇ ನನ್ನ ಬೆರಳನ್ನು ಹಿಡಿದಿದೆ ಎಂಬುದು ನನ್ನ ತಲೆಗೆ ಹೊಕ್ಕಿತು. ಅವನಿಂದ ಬಾಯಿಬಿಟ್ಟು ಕ್ಷಮೆ ಪಡೆದರೆ ಕೈ ಬಿಡುತ್ತದೆ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೇ ಕಟ್ಟಿಕೊಂಡೆ.

ಕ್ಷಮೆ ಕೇಳಲು ನಮ್ಮಲ್ಲಿ ದಿನವೇ ಇದೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಮನೆ ಮನೆಗೆ ಹೋಗಿ, ಎದುರು ಸಿಕ್ಕವರಿಗೆಲ್ಲ ಕೈಮುಗಿದು "ಉತ್ತಮ ಕ್ಷಮಾ" ಎನ್ನುತ್ತೇವೆ. ತಿಳಿದೋ ತಿಳಿಯದೆಯೋ ಮಾಡಿದ ಎಲ್ಲ ತಪ್ಪಿಗೂ ಸೇರಿ ಒಂದೇ ಮಾತು. ಅವರೂ ಅದನ್ನೇ ಅನ್ನುತ್ತಾರೆ, ಮುಗಿಯಿತು. ಏನು ತಪ್ಪು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಇತ್ತೀಚೆಗೆ ಅದೂ ಮೊಬೈಲಿನಲ್ಲಿ ಹೂವಿನ ಚಿತ್ರದ ಜೊತೆ ಬರುತ್ತದೆ. ಇಷ್ಟು ವರ್ಷವೂ ನಾನು ಅವನಿಗೆ ಉತ್ತಮ ಕ್ಷಮಾ ಎಂದಿದ್ದೇನೆ, ಅವನೂ ನನಗೆ ಎಂದಿದ್ದಾನೆ. ಒಮ್ಮೆ ಪುಣೆಯಿಂದ ಚಿತ್ರ ಕಳಿಸಿದ್ದೆ, ಕೈಮುಗಿದ ಚಿತ್ರ ವಾಪಸು ಬಂತು. ಈ ಸಲ ಹೆಸರು ಹಿಡಿದು ಕೇಳುತ್ತೇನೆ ಎಂದು ಹೊರಟೆ.

ಬೆಳಗಿನ ಹತ್ತು ಗಂಟೆ. ಓಣಿಯಲ್ಲಿ ಹೊಸ ಬಟ್ಟೆಯ ಜನ ಒಳಗೆ ಹೊರಗೆ ಓಡಾಡುತ್ತಿದ್ದರು. ಅವನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ. ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಆಕೆ ಒಳಗೆ ಬಂದವರಿಗೆ ಚಹಾ ಸೋಸುತ್ತಿದ್ದಳು.

"ಕೈ ಹೆಂಗೈತಿ?" ಎಂದ.

"ಹಂಗ ಐತಿ" ಎಂದು ಅವನ ಎದುರು ಕುಳಿತು ಎಲ್ಲ ಹೇಳಿದೆ. ಅಂಗಳದಲ್ಲಿ ಆಡಿದ ಎರಡು ಮಾತು. ಅದನ್ನು ಭಕ್ತಿಗೆ ಆಡಲಿಲ್ಲ, ಕೊಲ್ಹಾಪುರಕ್ಕೆ ಆಡಿದೆ ಎಂಬುದು. ಮನೆಯ ಆಳು ಎಂದದ್ದು. ರಾಯಬಾಗದ ಲಗ್ನದ ದಿನದ್ದು. ಹೇಳುತ್ತ ನನಗೆ ನಿಜವಾಗಿ ಅಳು ಬಂತು, ಅಳುತ್ತಿದ್ದೇನೆ ಎಂದು ಒಳಗೊಳಗೆ ಧೈರ್ಯವೂ ಬಂತು. ಕೈಮುಗಿದು, "ಇದಕ್ಕ ಕ್ಷಮಾ ಮಾಡಪಾ" ಎಂದೆ.

ಅವನು ನನ್ನ ಬಲಗೈಯನ್ನೇ ನೋಡುತ್ತಿದ್ದ.

"ಕೈ ಬಿಡವಲ್ದಂತ ಬಂದಿ" ಎಂದ. "ಕೈ ನೆಟ್ಟಗಿದ್ದಿದ್ರ ಬರ್ತಿರ್ಲಿಲ್ಲ."

ನಾನು ಆ ಕೈಯನ್ನು ಮಡಿಲಿಗೆ ಎಳೆದುಕೊಂಡೆ.

"ನೀ ಯಾಕ ಅಂದಿ ಅನ್ನೂದು ನನಗ ಅವತ್ತ ಗೊತ್ತಿತ್ತು. ಮಹಾರಾಜರಿಗೂ ಗೊತ್ತಾಗಿತ್ತು. ಮರುದಿನಾ ಕರಿಸಿ, ಮನಸಿನಾಗ ಇಲ್ಲಂದ್ರ ಪ್ರಾಯಶ್ಚಿತ್ತ ಕೊಟ್ಟ ಬಿಡಸ್ತೀನಿ ಅಂದ್ರು. ನಮ್ಮವ್ವ ಆಗಲೇ ಓಣಿ ತುಂಬ ಪೇಢೆ ಹಂಚಿದ್ಲು. ಬ್ಯಾಡ್ರಿ ಅಂದೆ."

"ಹಂಗಿದ್ರ ದಿನಾ ನನ್ನ ಕಡೆ ಯಾಕ ಬಂದಿ?"

"ನಿನ್ನ ಕಡೆ ಯಾರ ಬಂದಿದ್ರು? ಆಟದ ಕಡೆ ಬಂದೆ. ಊರಾಗ ಬ್ಯಾರೆ ಬೋರ್ಡ್ ಇರ್ಲಿಲ್ಲ."

ವೈನಿ ಚಹಾ ತಂದಿಟ್ಟು ಒಳಗೆ ಹೋದಳು. ಅವನು ಕಪ್ಪನ್ನು ನನ್ನ ಕಡೆ ಸರಿಸಿದ.

"ವರ್ಷಾ ವರ್ಷಾ ನೀ ಕೇಳಿದ್ದಕ್ಕೆಲ್ಲಾ ಕ್ಷಮಾ ಮಾಡೀನಿ. ಗೊತ್ತಿದ್ದ ಮಾಡಿದ್ದಕ್ಕ, ಗೊತ್ತಿಲ್ದ ಮಾಡಿದ್ದಕ್ಕ. ಆಳ ಅಂದಿದ್ದಕ್ಕ ಸೈತ. ಇದೊಂದ ಅದರಾಗ ಇರ್ಲಿಲ್ಲ. ನಾನೇ ತಗದ ಬಾಜೂಕ ಇಟ್ಟಿದ್ದೆ. ಇದಕ್ಕ ಮಾಡೂದಿಲ್ಲ."

"ಇವತ್ತ ಇಲ್ಲ ಅನಬಾರ್ದು" ಎಂದೆ. ನನ್ನ ದನಿ ಚಿಕ್ಕ ಹುಡುಗನ ದನಿಯಂತೆ ಕೇಳಿಸಿತು. "ಇವತ್ತ ಇಲ್ಲ ಅಂದ್ರ ಪಾಪ."

"ಪಾಪ ಖರೇ" ಎಂದ. "ಆ ಪಾಪ ನನಗ ಇರ್ಲಿ. ಹೊತ್ಕೊಂಡ ಹೋಗ್ತೀನಿ. ಮಾಡೂದಿಲ್ಲ."

ಇಪ್ಪತ್ತು ವರ್ಷ ಯಾರೂ ನೋಡದ ಕೊಟ್ಟಿಗೆಯಲ್ಲೂ ನೇಮ ಮುರಿಯದವನು, ಹಾದಿಯ ಇರುವೆಗೆ ಪಕ್ಕಕ್ಕೆ ಸರಿದು ನಡೆಯುವವನು, ನನಗೋಸ್ಕರ ಒಂದು ಪಾಪವನ್ನು ತಿಳಿದೂ ತಿಳಿದೂ ಎತ್ತಿಟ್ಟುಕೊಂಡಿದ್ದ. ಚಹಾ ಕುಡಿದೆ, ಬಿಸಿಯಿತ್ತು, ನಾಲಿಗೆ ಸುಟ್ಟಿತು.

ಅಷ್ಟರಲ್ಲಿ ಎದುರು ಮನೆಯ ಮುದುಕಿ ಕೋಲೂರುತ್ತ ಮೆಟ್ಟಿಲು ಹತ್ತಿ ಬಂದಳು. ಬದುವಿನ ಜಗಳದಲ್ಲಿ ಅವನ ಮೇಲೆ ಕೋರ್ಟಿಗೆ ಹೋಗಿ ಚಿಕ್ಕೋಡಿಗೆ ವರ್ಷಗಟ್ಟಲೆ ಅಲೆಸಿದವಳು. ಅವನು ಎದ್ದು, ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿ ಆಕೆಗೆ "ಉತ್ತಮ ಕ್ಷಮಾರಿ ಆಯಿ" ಎಂದ. ಮನಸ್ಸು ತುಂಬಿ ಅಂದ, ದನಿಯಲ್ಲೇ ಗೊತ್ತಾಗುತ್ತಿತ್ತು. ಮುದುಕಿ ನನ್ನ ಕಡೆ ತಿರುಗಿ ನನಗೂ ಕೈಮುಗಿದಳು. ನಾನೂ ಮುಗಿದು, ಬಾಗಿಲ ಬಳಿಯ ರಾಶಿಯಲ್ಲಿ ನನ್ನ ಚಪ್ಪಲಿ ಹುಡುಕತೊಡಗಿದೆ.